‘ಸ್ಟಾರ್‌ಬ್ಲ್ಯಾಕ್’ (1966) ತೋರಿಸಬಹುದಾ, ಬೇಡವಾ? ಮುಖವಾಡದ ಇಟಾಲಿಯನ್ ವೆಸ್ಟರ್ನ್ ಬಲ್ಲವರು ಹೇಳಿ

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನ ಒಂದು ಶನಿವಾರ ಸಂಜೆ ಶಿವಮೊಗ್ಗದಲ್ಲಿ ಮುಖವಾಡದ ನಾಯಕರ ಎರಡು ಇಟಾಲಿಯನ್ ಚಿತ್ರ ತೋರಿಸುವ ಯೋಚನೆ ಇದೆ. ಒಂದು ತೀರ್ಮಾನವಾಗಿದೆ: ಡುಚ್ಚೊ ತೆಸ್ಸಾರಿ ನಿರ್ದೇಶನದ, ಅಲೆನ್ ದೆಲೋನ್ ನಟಿಸಿದ 1975ರ ‘ಜೋರೋ’. ಎರಡನೆಯದರ ಮೇಲೆ ನಮ್ಮಲ್ಲೇ ಎರಡು ಪಂಗಡವಾಗಿದೆ. ಅದು 1966ರ ‘ಸ್ಟಾರ್‌ಬ್ಲ್ಯಾಕ್’. ನಿರ್ದೇಶನ ಜೊವಾನ್ನಿ ಗ್ರಿಮಾಲ್ದಿ, ನಾಯಕ ಅಮೆರಿಕದ ರಾಬರ್ಟ್ ವುಡ್ಸ್, ಸಂಗೀತ ಬೆನೆದೆತ್ತೊ ಗಿಲ್ಯಾ.

ಒಂದು ಪಂಗಡ ಇದು ಅಗ್ಗದ ಚಿತ್ರ, ಜನ ಅರ್ಧಕ್ಕೇ ಎದ್ದು ಹೋಗುತ್ತಾರೆ ಅನ್ನುತ್ತದೆ. ಇನ್ನೊಂದು ಪಂಗಡದ ಪ್ರಕಾರ ಈ ಬಗೆಯ ಚಿತ್ರ ನೋಡದೆ ಇಟಾಲಿಯನ್ ವೆಸ್ಟರ್ನ್ (ಇಟಲಿಯವರು ಮಾಡಿದ ಕೌಬಾಯ್ ಚಿತ್ರ) ಅರ್ಥವಾಗುವುದಿಲ್ಲ. ಕೈಯಲ್ಲಿ ಎರಡು ಪ್ರತಿ ಇವೆ. ಒಂದರಲ್ಲಿ ಚಿತ್ರ ಅಗಲವಾಗಿದೆ, ಮಾತು ಇಟಾಲಿಯನ್, ಸೆಕೆಂಡಿಗೆ 25 ಫ್ರೇಮ್. ಇನ್ನೊಂದು ಹಳೆ ಟಿವಿಯ ಚೌಕ ಆಕಾರದ್ದು, ಬಣ್ಣ ಮಾಸಿದೆ, ಮಾತು ಇಂಗ್ಲಿಷ್. ಸಭಾಂಗಣದ ಪರದೆ 10 ಅಡಿ ಅಗಲ, ಪ್ರೊಜೆಕ್ಟರ್ ಮೇಲೆ 3000 ಲುಮೆನ್ ಎಂದು ಬರೆದಿದೆ, ಮಾಡು ತಗಡಿನದು. ಕನ್ನಡ ಸಬ್‌ಟೈಟಲ್ ನಾವೇ ಮಾಡಬೇಕು. ಚಿತ್ರದ ಬಗ್ಗೆಯೂ ತೋರಿಸುವ ಬಗೆಯ ಬಗ್ಗೆಯೂ ದಯವಿಟ್ಟು ಬಿಡಿಸಿ ಹೇಳಿ.

ರೀಲುಪೆಟ್ಟಿಗೆ (ಸಾಗರ)

ಖಂಡಿತ ತೋರಿಸಿ. ಆದರೆ ನೋಡುವವರಿಗೆ ಮೊದಲೇ ಒಂದು ಮಾತು ಹೇಳಿ: ಇದು ಲಿಯೋನೆ ದಾರಿಯ ಚಿತ್ರ ಅಲ್ಲ. ಲಿಯೋನೆಯ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಬಂದದ್ದು 1964ರಲ್ಲಿ, ಕೊರ್ಬುಚ್ಚಿಯ ‘ಜಾಂಗೋ’ ಬಂದದ್ದು 1966ರಲ್ಲಿ. ಈ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡು ಕೂತರೆ ‘ಸ್ಟಾರ್‌ಬ್ಲ್ಯಾಕ್’ ಹಿಂದುಳಿದ ಹಾಗೆ ಕಾಣುತ್ತದೆ. ಅದರ ಬೇರು ಬೇರೆ ಕಡೆ ಇದೆ.

ಒಂದು ಬೇರು ಜೋರೋ. ಜಾನ್‌ಸ್ಟನ್ ಮೆಕಲಿ ಈ ಪಾತ್ರ ಸೃಷ್ಟಿಸಿದ್ದು 1919ರಲ್ಲಿ, ಅಗ್ಗದ ಕಾಗದದ ವಾರಪತ್ರಿಕೆಯೊಂದರ ಧಾರಾವಾಹಿಗಾಗಿ. ಮರುವರ್ಷವೇ ಡಗ್ಲಸ್ ಫೇರ್‌ಬ್ಯಾಂಕ್ಸ್ ಅದನ್ನು ತೆರೆಗೆ ತಂದರು. 1933ರಲ್ಲಿ ಅಮೆರಿಕದ ರೇಡಿಯೋದಲ್ಲಿ ಮುಖವಾಡದ ಇನ್ನೊಬ್ಬ ನಾಯಕ ಲೋನ್ ರೇಂಜರ್ ಬಂದ. ಇನ್ನೊಂದು ಬೇರು ಇಟಲಿಯ ಪತ್ರಿಕೆ ಅಂಗಡಿಯದು. 1962ರಲ್ಲಿ ಜುಸ್ಸಾನಿ ಸೋದರಿಯರ ‘ಡಯಬೋಲಿಕ್’, 1964ರಲ್ಲಿ ‘ಕ್ರಿಮಿನಲ್’ ಎಂಬ ಕಾಮಿಕ್ಸ್ ಶುರುವಾದವು. ಡಯಬೋಲಿಕ್‌ನದು ಮೈಗಂಟಿದ ಕಪ್ಪು ದಿರಿಸು, ಮುಚ್ಚಿದ ಮುಖ, ರಾತ್ರಿ ಕಾರ್ಯಾಚರಣೆ. ನಮ್ಮಲ್ಲಿ ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ಶುರುವಾದದ್ದೂ 1964ರಲ್ಲೇ ಎಂದರೆ ಆ ಕಾಲದ ಹವಾ ಹೇಗಿತ್ತು ಅಂತ ಅಂದಾಜಾಗುತ್ತದೆ. ಕುದುರೆ, ಪಿಸ್ತೂಲಿನ ಲೋಕಕ್ಕೆ ಈ ಕಪ್ಪು ದಿರಿಸು ಬಂದು ಸೇರಿದ ಜಾಗ ಈ ಚಿತ್ರ.

ಇನ್ನೊಂದು ವಿಷಯ ಯಾರ ಎದುರು ಓಡಲಿಕ್ಕೆ ಇದನ್ನು ಮಾಡಿದರು ಅನ್ನುವುದು. ಇಟಲಿಯಲ್ಲಿ ಚಿತ್ರಮಂದಿರಗಳಿಗೆ ದರ್ಜೆ ಇತ್ತು: ಮೊದಲ ಓಟ, ಎರಡನೇ ಓಟ, ಮೂರನೇ ಓಟ. ಮೂರನೇ ಓಟದ ಮಂದಿರ ಅಂದರೆ ಸಣ್ಣ ಊರು, ಅಗ್ಗದ ಟಿಕೆಟ್, ಮಧ್ಯೆ ಬಂದು ಹೋಗುವ ಜನ, ಸಿನಿಮಾ ನಡೆಯುವಾಗಲೇ ಮಾತು. ನಮ್ಮ ಟೂರಿಂಗ್ ಟಾಕೀಸಿನ ಗುಣವೇ ಅದಕ್ಕೂ ಇತ್ತು. ಹಾಗಾಗಿ ಈ ಚಿತ್ರಗಳಲ್ಲಿ ಕಥೆಯ ಎಳೆಯನ್ನು ಮತ್ತೆ ಮತ್ತೆ ಹೇಳುತ್ತಾರೆ, ಹತ್ತು ಹದಿನೈದು ನಿಮಿಷಕ್ಕೊಂದು ಹೊಡೆದಾಟ ಬರುತ್ತದೆ. ಮೌನವಾಗಿ ಕೂತು ನೋಡುವವರಿಗೆ ಪುನರಾವರ್ತನೆ ಅನ್ನಿಸುವುದು ಆ ಪ್ರೇಕ್ಷಕರಿಗೆ ಬೇಕೇ ಬೇಕಿತ್ತು.

ಈಗ ಮುಖವಾಡದ ವಿಷಯ. ಮಲೆನಾಡಿನ ಪ್ರೇಕ್ಷಕರಿಗೆ ಇದನ್ನು ವಿವರಿಸುವುದು ಸುಲಭ. ಬಡಗುತಿಟ್ಟಿನ ಯಕ್ಷಗಾನ ಆಟದಲ್ಲಿ ಬಣ್ಣದ ವೇಷ ತೆರೆಯ ಹಿಂದೆ ನಿಂತು ತುಸುತುಸುವೇ ಕಾಣಿಸಿಕೊಳ್ಳುವಾಗ, ಅದು ಯಾವ ರಾಕ್ಷಸ, ಕಟ್ಟಿದ ಕಲಾವಿದ ಯಾರು ಅನ್ನುವುದು ಕೂತವರಿಗೆಲ್ಲ ಗೊತ್ತಿರುತ್ತದೆ. ಆದರೂ ಒಡ್ಡೋಲಗಕ್ಕೆ ಜನ ಕಾಯುತ್ತಾರೆ. ಕುತೂಹಲ ಇರುವುದು ವೇಷ ಯಾವಾಗ ಬರುತ್ತದೆ, ಹೇಗೆ ಬರುತ್ತದೆ ಅನ್ನುವುದರಲ್ಲಿ. ‘ಸ್ಟಾರ್‌ಬ್ಲ್ಯಾಕ್’ ಕೂಡ ಯಾರು ಅನ್ನುವ ಒಗಟನ್ನು ನಮ್ಮ ಮುಂದೆ ಇಡುವುದಿಲ್ಲ. ಊರಿಗೆ ಬಂದ ನಾಯಕ ಜಾನಿ ಹಗಲಲ್ಲಿ ಜಗಳಕ್ಕೆ ಬಾರದವನಂತೆ ಇರುತ್ತಾನೆ, ಮುಖವಾಡ ಬಿದ್ದ ಮೇಲೆ ಬೇರೆಯೇ ಆಳಾಗುತ್ತಾನೆ. ನಿಜಕ್ಕೂ ಅವನು ವೇಷ ಹಾಕುವುದು ಹಗಲಲ್ಲಿ. ಹಗಲುವೇಷ ಅನ್ನುವ ನಮ್ಮ ಮಾತು ಅವನಿಗೆ ಅಕ್ಷರಶಃ ಸಲ್ಲುತ್ತದೆ. ಬೇರೆ ವೆಸ್ಟರ್ನ್‌ಗಳಲ್ಲಿ ಬಿಗಿದ ದವಡೆಯಲ್ಲೇ ಇರುವ ರಾಬರ್ಟ್ ವುಡ್ಸ್ ಇಲ್ಲಿ ಹಗಲಿನ ಸನ್ನಿವೇಶಗಳಲ್ಲಿ ಭುಜ ಸಡಿಲ ಬಿಡುವುದನ್ನು ಗಮನಿಸಿ. ಇದೇ ನಟನನ್ನು ಪೆಕೋಸ್ ಪಾತ್ರದಲ್ಲಿ ನೋಡಿದವರಿಗೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಅಡಿಕೆಗೊನೆ (ತೀರ್ಥಹಳ್ಳಿ)

ರೀಲುಪೆಟ್ಟಿಗೆಯವರು ಹೇಳಿದ ಇತಿಹಾಸ ಸರಿ. ಇತಿಹಾಸ ಸರಿಯಿದ್ದ ಮಾತ್ರಕ್ಕೆ ಚಿತ್ರ ಒಳ್ಳೆಯದಾಗುವುದಿಲ್ಲ. ನನ್ನ ಮತ ಬೇಡ ಅಂತಲೇ.

ಕಥೆಯಲ್ಲಿ ಮುಖವಾಡಕ್ಕೆ ಮೂರು ಕೆಲಸ ಇರಬೇಕು. ಕಥೆಯೊಳಗಿನವರಿಂದ ಮುಖ ಮುಚ್ಚಬೇಕು. ಸಿಕ್ಕಿಬಿದ್ದರೆ ಗತಿಯೇನು ಎಂಬ ಭಯ ಹುಟ್ಟಿಸಬೇಕು. ಮೂರನೆಯದು, ತೊಟ್ಟವನಿಂದ ಏನನ್ನಾದರೂ ಕಿತ್ತುಕೊಳ್ಳಬೇಕು: ಮಾನ, ಪ್ರೀತಿ, ನಿದ್ದೆ, ಏನಾದರೂ ಸರಿ. ಇಲ್ಲಿ ಮೊದಲನೆಯದು ಆಗುತ್ತದೆ, ಎರಡನೆಯದು ಅಲ್ಲಲ್ಲಿ ಆಗುತ್ತದೆ, ಮೂರನೆಯದಕ್ಕೆ ಚಿತ್ರ ಕೈಯನ್ನೇ ಹಾಕುವುದಿಲ್ಲ. ಹೇಡಿ ಅನ್ನಿಸಿಕೊಂಡು ಊರಲ್ಲಿ ತಲೆ ತಗ್ಗಿಸಿ ನಡೆಯುವುದು ಜಾನಿಗೆ ಎಷ್ಟು ಕಷ್ಟ ಅನ್ನುವುದು ಒಂದೆರಡು ಗಳಿಗೆ ಕಾಣಿಸಿ ಮಾಯವಾಗುತ್ತದೆ. ನಡುಭಾಗ ಜಗ್ಗುವುದಕ್ಕೆ ಕಾರಣ ಇದೇ. ಹೊಡೆದಾಟ ಕಡಿಮೆಯಾಗಿ ಹಾಗಾದದ್ದಲ್ಲ.

ಯಕ್ಷಗಾನದ ಹೋಲಿಕೆಯನ್ನೂ ಪೂರ್ತಿ ಒಪ್ಪಲಾರೆ. ಬಣ್ಣದ ವೇಷ ಬಂದ ಮೇಲೆ ಕುಣಿತ, ಮಾತು, ಚೆಂಡೆ ಎಲ್ಲವೂ ಬದಲಾಗುತ್ತದೆ. ಇಲ್ಲಿ ಮುಖವಾಡ ಬಂದ ಮೇಲೆ ಕ್ಯಾಮೆರಾ ಮೊದಲಿನ ಹಾಗೇ ನಿಂತಿರುತ್ತದೆ. ಅದೇ ವರ್ಷದ ‘ಜಾಂಗೋ’ ನೋಡಿ. ಅಲ್ಲಿ ಮುಖ ಮುಚ್ಚುವವರು ಖಳರು, ಕೆಂಪು ಬಟ್ಟೆಯಲ್ಲಿ. ಕೆಸರಿನ ಬೂದು ಬೀದಿಗೆ ಆ ಕೆಂಪು ಬಂದ ಕೂಡಲೇ ಇಡೀ ಚೌಕಟ್ಟು ಬೆದರುತ್ತದೆ. ತೆಸ್ಸಾರಿಯ ‘ಜೋರೋ’ದಲ್ಲಿ ದೆಲೋನ್ ಮುಖವಾಡ ಇಲ್ಲದಾಗ ನಡಿಗೆ, ದನಿ, ಕೈಬೆರಳು ಎಲ್ಲವನ್ನೂ ಬೇರೆ ಮಾಡುತ್ತಾರೆ, ಕೊನೆಯಲ್ಲಿ ಸ್ಟಾನ್ಲಿ ಬೇಕರ್ ಜೊತೆಗಿನ ಕತ್ತಿವರಸೆ ಅಷ್ಟು ಉದ್ದ ನಡೆದರೂ ದಣಿವಾಗುವುದಿಲ್ಲ. ಅದರ ಪಕ್ಕ ‘ಸ್ಟಾರ್‌ಬ್ಲ್ಯಾಕ್’ ಇಟ್ಟರೆ ಸೋಲುವುದು ಖಚಿತ.

ತೋರಿಸಲೇಬೇಕು ಅಂತಿದ್ದರೆ ಅದನ್ನು ಮೊದಲು ಹಾಕಿ, ‘ಜೋರೋ’ ನಂತರ. ಹಿಂದುಮುಂದಾದರೆ ಜನ ಎದ್ದು ಹೋಗುವುದು ನಿಜ.

ಮಸೂರ (ಶಿವಮೊಗ್ಗ)

ಇಬ್ಬರೂ ಚಿತ್ರದ ಬಗ್ಗೆ ಹೇಳಿದ್ದರಲ್ಲಿ ಕೆಲವು ಪ್ರತಿಯ ದೋಷವೂ ಇರಬಹುದು. ತೀರ್ಮಾನಕ್ಕೆ ಮೊದಲು ನಾಲ್ಕು ಪರೀಕ್ಷೆ ಮಾಡಿ.

ಮೊದಲನೆಯದು ರಾತ್ರಿ. ಮುಖವಾಡದವನು ಓಡಾಡುವುದು ರಾತ್ರಿ, ಆದರೆ ಆ ಕಾಲದ ಕಡಿಮೆ ಬಜೆಟ್ಟಿನ ವೆಸ್ಟರ್ನ್‌ಗಳಲ್ಲಿ ಬಯಲಿನ ರಾತ್ರಿ ದೃಶ್ಯಗಳನ್ನು ಹಗಲಲ್ಲೇ ತೆಗೆಯುತ್ತಿದ್ದರು. ಲೆನ್ಸಿನ ಬಾಯಿಯನ್ನು ಸುಮಾರು ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಕಿರಿದು ಮಾಡಿ, ಆಕಾಶ ಆದಷ್ಟೂ ಬೀಳದ ಹಾಗೆ ಕೋನ ಇಟ್ಟು, ಬೇಕಾದರೆ ನೀಲಿ ಫಿಲ್ಟರ್ ಹಾಕಿ ತೆಗೆದು, ಉಳಿದ ಕತ್ತಲೆಯನ್ನು ಲ್ಯಾಬಿನಲ್ಲಿ ಪ್ರಿಂಟ್ ಹಾಕುವಾಗ ಕೂಡಿಸುವುದು. ಮುಂದೆ ಇದನ್ನು ವಿಡಿಯೋಗೆ ಇಳಿಸುವವನಿಗೆ ಅದು ರಾತ್ರಿ ಎಂದು ಗೊತ್ತಿಲ್ಲದಿದ್ದರೆ ಚಿತ್ರ ಕಪ್ಪಾಗಿದೆ ಅಂತ ಬೆಳಕು ಏರಿಸಿಬಿಡುತ್ತಾನೆ. ಆಗ ನಡುಹಗಲಲ್ಲಿ ಕಪ್ಪು ಬಟ್ಟೆಯವನು ಅಡಗಿ ನಡೆದಂತೆ, ಎದುರಿಗಿದ್ದ ಕಾವಲುಗಾರ ಅವನನ್ನು ಕಾಣದಂತೆ ಆಗುತ್ತದೆ. ಸಭೆ ನಗುತ್ತದೆ, ತಪ್ಪು ಚಿತ್ರದ ತಲೆಗೆ ಬರುತ್ತದೆ. ಗುರುತಿಸುವುದು ಸುಲಭ: ನೆಲದ ಮೇಲೆ ಕುದುರೆಯ ನೆರಳು ಚೂಪಾಗಿ ಬಿದ್ದಿದೆಯಾ, ಮನೆಯೊಳಗೆ ಅದೇ ಹೊತ್ತಿಗೆ ದೀಪ ಉರಿಯುತ್ತಿದೆಯಾ ನೋಡಿ. ಎರಡೂ ಇದ್ದರೆ ಅದು ರಾತ್ರಿಯೇ. ಎಡಿಟಿಂಗ್ ತಂತ್ರಾಂಶದಲ್ಲಿ ಆ ದೃಶ್ಯಗಳಷ್ಟನ್ನೇ ಕತ್ತರಿಸಿ ಒಂದೂವರೆಯಿಂದ ಎರಡು ಸ್ಟಾಪ್ ಇಳಿಸಿ, ಬಣ್ಣವನ್ನು ಮೂರರಲ್ಲಿ ಒಂದು ಪಾಲು ತಗ್ಗಿಸಿ, ತುಸು ನೀಲಿ ಕೊಡಿ. ತೀರಾ ಕಪ್ಪಿನ ತುದಿಯನ್ನು ಮಾತ್ರ ಒತ್ತಬೇಡಿ. ಒತ್ತಿದರೆ ಕಪ್ಪು ಟೋಪಿ, ಕಪ್ಪು ಮುಖವಾಡ, ಕಪ್ಪು ಕುದುರೆಲಾಯ ಒಂದೇ ಮುದ್ದೆಯಾಗುತ್ತದೆ.

ಎರಡನೆಯದು ಅಳತೆ. ಇಟಲಿಯಲ್ಲಿ ಆ ಕಾಲಕ್ಕೆ ಟೆಕ್ನಿಸ್ಕೋಪ್ ಜನಪ್ರಿಯ. ಒಂದು ಫ್ರೇಮಿಗೆ ಫಿಲ್ಮಿನ ಅಂಚಿನ ನಾಲ್ಕು ರಂಧ್ರದ ಬದಲು ಎರಡೇ ರಂಧ್ರದಷ್ಟು ಫಿಲ್ಮ್ ಬಳಸುವ ವಿಧಾನ ಅದು. 1000 ಅಡಿಯ ರೀಲು 11 ನಿಮಿಷದ ಬದಲು 22 ನಿಮಿಷ ಬರುತ್ತಿತ್ತು, ಕಚ್ಚಾ ಫಿಲ್ಮಿನ ಖರ್ಚು ಅರ್ಧ. ಲಿಯೋನೆಯ ಡಾಲರ್ ಚಿತ್ರಗಳೂ ಹಾಗೇ ತೆಗೆದವು. ಫ್ರೇಮ್ ಸಣ್ಣದಾದ್ದರಿಂದ ಫಿಲ್ಮಿನ ಕಾಳು (ಗ್ರೇನ್) ದಪ್ಪ ಕಾಣುತ್ತದೆ. ಅದನ್ನು ಅಳಿಸುವ ಫಿಲ್ಟರ್ ಹಾಕಿದರೆ ಮುಖಗಳು ಮೇಣದಂತಾಗುತ್ತವೆ, ಹಾಕಬೇಡಿ. ನಿಮ್ಮ ಅಗಲದ ಪ್ರತಿಯನ್ನು ನಿಲ್ಲಿಸಿ, ನೇರ ಎದುರಿಗೆ ಕಾಣುವ ಬಂಡಿಚಕ್ರ ಇರುವ ಫ್ರೇಮಿನಲ್ಲಿ ಸ್ಕೇಲ್ ಇಟ್ಟು ಅಳೆಯಿರಿ. ಅಡ್ಡ, ಉದ್ದ ಸಮ ಇದ್ದರೆ ಚಿತ್ರ ಸರಿ. ಚೌಕದ ಪ್ರತಿಯನ್ನು ಅಗಲದ ಪ್ರತಿಯ ಪಕ್ಕ ಇಟ್ಟು ಅದೇ ಫ್ರೇಮ್ ಹೋಲಿಸಿ. 2.35 ಅಳತೆಯ (ಅಗಲ ಎತ್ತರದ 2.35 ಪಟ್ಟು) ಚಿತ್ರವನ್ನು 1.33ಕ್ಕೆ ಕತ್ತರಿಸಿದ್ದರೆ ಶೇ. 43ರಷ್ಟು ಭಾಗ ಹೋಗಿರುತ್ತದೆ. ಇಬ್ಬರು ಎದುರುಬದುರು ನಿಂತ ದೃಶ್ಯದಲ್ಲಿ ಒಬ್ಬರ ಮೂಗಷ್ಟೇ ಕಂಡರೆ ಅದೇ ಗುರುತು. ಕ್ಯಾಮೆರಾ ನಿಂತೇ ಇದೆ ಎಂದು ಅಡಿಕೆಗೊನೆಯವರು ಹೇಳಿದ್ದು ಯಾವ ಪ್ರತಿ ನೋಡಿ ಅಂತ ತಿಳಿಯಬೇಕು. ಕತ್ತರಿಸಿದ ಪ್ರತಿಯಲ್ಲಿ ಚೌಕಟ್ಟಿನ ಜೋಡಣೆಯ ಬಗ್ಗೆ ಏನನ್ನೂ ಹೇಳಲಾಗದು.

ಮೂರನೆಯದು ವೇಗ. 25 ಫ್ರೇಮ್ ಅಂದರೆ ಯುರೋಪಿನ ಟಿವಿಗಾಗಿ ಓಡಿಸಿದ ಪ್ರತಿ. ಸಿನಿಮಾದ ಮಾಮೂಲಿ ವೇಗವಾದ 24ರಲ್ಲಿ 100 ನಿಮಿಷ ಇರುವ ಚಿತ್ರ ಅದರಲ್ಲಿ 96 ನಿಮಿಷಕ್ಕೇ ಮುಗಿಯುತ್ತದೆ, ಸ್ವರ ಮುಕ್ಕಾಲು ಅರೆಸ್ವರದಷ್ಟು ಮೇಲಕ್ಕೆ ಹೋಗುತ್ತದೆ. ನಾಯಕನ ದನಿ ತೆಳುವಾಗಿ, ಸಂಗೀತ ಅವಸರವಾಗಿ ಕೇಳುತ್ತದೆ. ಚಿತ್ರ, ಧ್ವನಿ ಎರಡನ್ನೂ ಒಟ್ಟಿಗೇ 24ಕ್ಕೆ ಇಳಿಸಿ, ಸ್ವರವನ್ನು ಹಿಡಿದಿಡುವ ಆಯ್ಕೆಯನ್ನು ಆಫ್ ಮಾಡಿಬಿಡಿ. ಇಲ್ಲದಿದ್ದರೆ ವೇಗ ಇಳಿದರೂ ಸ್ವರ ಮೇಲೆಯೇ ಉಳಿಯುತ್ತದೆ.

ನಾಲ್ಕನೆಯದು ಬೆಳಕು. 10 ಅಡಿ ಅಗಲದ 16:9 ಪರದೆ ಸುಮಾರು 56 ಚದರ ಅಡಿ. ಚಿತ್ರಮಂದಿರದ ಮಟ್ಟದ 16 ಫುಟ್‌ಲ್ಯಾಂಬರ್ಟ್ (ಪರದೆಯ ಹೊಳಪಿನ ಅಳತೆ) ಬರಬೇಕಾದರೆ ಪರದೆಗೆ ನಿಜವಾಗಿ 900 ಲುಮೆನ್ ತಲುಪಬೇಕು. 3000 ಅನ್ನುವುದು ಅತಿ ಬೆಳಕಿನ ಹಸಿರುಗಟ್ಟಿದ ಮೋಡ್‌ನ ಲೆಕ್ಕ. ಸಿನಿಮಾ ಮೋಡ್‌ಗೆ ಹಾಕಿದರೆ ಅರ್ಧಕ್ಕೆ ಬರಬಹುದು, ಬಲ್ಬ್ ಹಳತಾದರೆ ಅದರಲ್ಲೂ ಅರ್ಧ. ಸಾಲದು ಅನ್ನಿಸಿದರೆ ಪ್ರೊಜೆಕ್ಟರ್ ಹತ್ತಿರ ತಂದು ಚಿತ್ರವನ್ನು 8 ಅಡಿಗೆ ಇಳಿಸಿ. ಆಗ 36 ಚದರ ಅಡಿ, 580 ಲುಮೆನ್ ಸಾಕು. ಬಾಗಿಲ ಮೇಲಿನ ದೀಪ, ಕಿಟಕಿಯ ಸಂದು ಮುಚ್ಚಿ. ರಾತ್ರಿ ದೃಶ್ಯಕ್ಕೆ ಪ್ರೊಜೆಕ್ಟರಿನ ಶಕ್ತಿಗಿಂತ ಹಾಲಿನ ಕತ್ತಲೆ ಮುಖ್ಯ.

ಧ್ವನಿ ಮೋನೋ. ಎರಡು ಬದಿಯ ಸ್ಪೀಕರಿಗೆ ಹಂಚಬೇಡಿ, ಪರದೆಯ ಕೆಳಗೆ ನಡುವೆ ಒಂದನ್ನೇ ಇಡಿ. ಮಾತು ಮುಖದಿಂದಲೇ ಬಂದ ಹಾಗಿರುತ್ತದೆ. ತಗಡಿನ ಮಾಡಿಗೆ ಮಳೆ ಬಿದ್ದರೆ ಯಾವ ಧ್ವನಿವರ್ಧಕವೂ ಗೆಲ್ಲದು, ಡಿಸೆಂಬರ್ ಆರಿಸಿದ್ದು ಒಳ್ಳೆಯದಾಯಿತು.

ತುಂಗಾತೀರ (ಶಿವಮೊಗ್ಗ)

ಮಸೂರ ಸರ್, ತುಂಬಾ ಉಪಕಾರ. ನೋಡಿದೆವು. ಅಗಲದ ಪ್ರತಿಯಲ್ಲಿ ಚಕ್ರ ಸರಿಯಾಗಿ ದುಂಡಗಿದೆ. ಅದರಲ್ಲಿ ರಾತ್ರಿ ದೃಶ್ಯ ಬೆಳ್ಳಗಿದೆ, ಚೌಕದ ಪ್ರತಿಯಲ್ಲಿ ಅದೇ ದೃಶ್ಯ ನೀಲಿಯಾಗಿ ಮಬ್ಬಾಗಿದೆ. ಅಂದರೆ ತಿದ್ದುವುದಕ್ಕೆ ಆಧಾರ ಸಿಕ್ಕಿತಲ್ಲ? ಇನ್ನು ಎರಡು ಪ್ರಶ್ನೆ. ಇಟಾಲಿಯನ್ ಮಾತೋ, ಇಂಗ್ಲಿಷ್ ಮಾತೋ? ಇಂಗ್ಲಿಷ್ ಸಬ್‌ಟೈಟಲ್ ಕಡತ ಒಂದಿದೆ, ಶುರುವಿನಲ್ಲಿ ಸರಿಯಿದ್ದು ಹತ್ತು ನಿಮಿಷಕ್ಕೆ ಅರ್ಧ ನಿಮಿಷದಷ್ಟು ತಪ್ಪುತ್ತದೆ. ಅದರ ಮೇಲೆ ಕನ್ನಡ ಕೂರಿಸಬಹುದಾ?

ಒತ್ತಕ್ಷರ (ಹೊಸನಗರ)

ಆ ತಪ್ಪಿಗೆ ಕಾರಣ ಮೇಲೆ ಹೇಳಿದ ವೇಗವೇ. 24 ಫ್ರೇಮಿನ ಪ್ರತಿಗೆ ಮಾಡಿದ ಕಡತವನ್ನು 25ರ ಪ್ರತಿಗೆ ಹಾಕಿದರೆ ಹತ್ತು ನಿಮಿಷಕ್ಕೆ ಸರಿಯಾಗಿ 24 ಸೆಕೆಂಡ್ ಹಿಂದೆ ಬೀಳುತ್ತದೆ. ಸೆಕೆಂಡುಗಳನ್ನು ಕೂಡಿಸುತ್ತಾ ಕೂತರೆ ಮುಗಿಯುವುದಿಲ್ಲ. ಚಿತ್ರವನ್ನು 24ಕ್ಕೆ ಇಳಿಸಿದರೆ ಕಡತ ತಾನೇ ಕೂಡಿಕೊಳ್ಳುತ್ತದೆ. 25ರಲ್ಲೇ ಇಡುವುದಾದರೆ ಸಬ್‌ಟೈಟಲ್ ಎಡಿಟ್ ತಂತ್ರಾಂಶದಲ್ಲಿ ಫ್ರೇಮ್ ದರ ಬದಲಿಸುವ ಆಯ್ಕೆಗೆ ಹೋಗಿ 24ರಿಂದ 25 ಎಂದು ಕೊಡಿ. ಆಮೇಲೂ ಮೊದಲ ಮಾತಿಗೂ ಕೊನೆಯ ಮಾತಿಗೂ ಒಂದೇ ಅಂತರ ಉಳಿದರೆ ಅಷ್ಟನ್ನು ಒಮ್ಮೆಗೇ ಸರಿಸಿ. ನಡುವೆ ಎಲ್ಲೋ ತಟ್ಟನೆ ತಪ್ಪಿದರೆ ಒಂದು ಪ್ರತಿಯಲ್ಲಿ ದೃಶ್ಯ ಕತ್ತರಿಸಿದ್ದಾರೆ ಎಂದರ್ಥ. ಆ ಜಾಗದಿಂದ ಮುಂದಕ್ಕೆ ಮಾತ್ರ ಸರಿಸಬೇಕು.

ಭಾಷೆ ಇಟಾಲಿಯನ್ ಇರಲಿ. ಆಗ ಇಟಲಿಯಲ್ಲಿ ಸೆಟ್ಟಿನ ಧ್ವನಿ ಬಳಸುತ್ತಿರಲಿಲ್ಲ, ಎಲ್ಲವನ್ನೂ ಆಮೇಲೆ ಸ್ಟುಡಿಯೋದಲ್ಲಿ ತುಂಬುತ್ತಿದ್ದರು. ಅಮೆರಿಕದವ ಇಂಗ್ಲಿಷಲ್ಲಿ, ಇಟಲಿಯವ ಇಟಾಲಿಯನ್ನಲ್ಲಿ ಮಾತಾಡಿದರೂ ನಡೆಯುತ್ತಿತ್ತು. ಹಾಗಾಗಿ ಯಾವ ಪ್ರತಿಯಲ್ಲೂ ತುಟಿ ಪೂರ್ತಿ ಹೊಂದುವುದಿಲ್ಲ, ‘ಮೂಲ’ ಧ್ವನಿ ಅನ್ನುವುದೇ ಇಲ್ಲ. ಇಂಗ್ಲಿಷ್ ದನಿಗಳನ್ನು ಹೆಚ್ಚಾಗಿ ರೋಮ್‌ನಲ್ಲೇ ನೆಲೆಸಿದ್ದ ಸಣ್ಣ ಗುಂಪೊಂದು ಕೊಡುತ್ತಿತ್ತು, ಹತ್ತಾರು ಚಿತ್ರಗಳಲ್ಲಿ ಅವೇ ದನಿ ಕೇಳುತ್ತವೆ. ಇಟಾಲಿಯನ್ ದನಿ ನೀಡುವವರಿಗೆ ಅದು ಗೌರವದ ವೃತ್ತಿ, ಅಭಿನಯ ಅದರಲ್ಲಿ ಹೆಚ್ಚು.

ಕನ್ನಡಕ್ಕೆ ಇದರಿಂದ ಇನ್ನೊಂದು ದೊಡ್ಡ ಲಾಭ ಇದೆ. ಇಟಾಲಿಯನ್ನಿನಲ್ಲಿ ಏಕವಚನ, ಗೌರವವಚನ ಬೇರೆ ಬೇರೆ. ಇಂಗ್ಲಿಷಿಗೆ ಹೋದ ಕೂಡಲೇ ಅದು ಅಳಿಸಿಹೋಗುತ್ತದೆ. ಇಂಗ್ಲಿಷ್ ಕಡತ ನೋಡಿ ಕನ್ನಡ ಮಾಡಿದರೆ ಯಾರು ಯಾರಿಗೆ ‘ನೀನು’, ಯಾರಿಗೆ ‘ನೀವು’ ಅನ್ನುವುದನ್ನು ನೀವು ಊಹಿಸಬೇಕಾಗುತ್ತದೆ. ಸಮಯಕ್ಕೆ ಇಂಗ್ಲಿಷ್ ಕಡತ ಬಳಸಿ, ಸಂಬಂಧಕ್ಕೆ ಇಟಾಲಿಯನ್ ಧ್ವನಿ ಕೇಳಿ. ‘ತು’ ಕೇಳಿದರೆ ನೀನು, ‘ಲೆಯಿ’ ಅಥವಾ ‘ವೊಯಿ’ ಕೇಳಿದರೆ ನೀವು. ಒಂದು ಜೋಡಿ ನಡುವೆ ನೀವು ಇದ್ದದ್ದು ನೀನು ಆದ ಕ್ಷಣವನ್ನು ಗುರುತು ಹಾಕಿಟ್ಟುಕೊಳ್ಳಿ, ಮುಖವಾಡದ ಕಥೆಯಲ್ಲಿ ಅದು ಚಿಕ್ಕ ಸಂಗತಿ ಅಲ್ಲ. ಮುಖವಾಡದವನ ಬಗ್ಗೆ ಊರವರು ಮಾತಾಡುವಾಗಲೂ ಹಾಗೇ: ಅವನನ್ನು ನಂಬುವವರು ‘ಅವರು’ ಅನ್ನಬೇಕಾ, ‘ಅವನು’ ಅನ್ನಬೇಕಾ ಅಂತ ಮೊದಲೇ ನಿರ್ಧರಿಸಿ ಕೊನೆತನಕ ಒಂದೇ ಇಡಿ. ನನ್ನ ಪ್ರಕಾರ ‘ಅವನು’ ಚೆನ್ನ. ನಮ್ಮ ಕಡೆ ದೇವರಿಗೂ ಏಕವಚನವೇ ತಾನೆ.

ವಾಕ್ಯದ ಅನುಕ್ರಮ ನೋಡಿಕೊಳ್ಳಿ. ಯಾರು ಅನ್ನುವ ಗುಟ್ಟು ಹೊರಬೀಳುವ ಮಾತಿನಲ್ಲಿ ನಟ ಹೆಸರು ಹೇಳುವ ಮೊದಲೇ ಓದುಗರ ಕಣ್ಣಿಗೆ ಹೆಸರು ಬೀಳಬಾರದು. ಕನ್ನಡದಲ್ಲಿ ಹೆಸರನ್ನು ಕೊನೆಗೆ ಇಡುವುದು ಸುಲಭ. ಅದೂ ಸಾಲದಿದ್ದರೆ ಸಾಲನ್ನು ಎರಡು ತುಂಡು ಮಾಡಿ ಎರಡನೆಯದನ್ನು ತಡವಾಗಿ ಬಿಡಿ. ಸ್ಟಾರ್‌ಬ್ಲ್ಯಾಕ್ ಅನ್ನುವ ಹೆಸರನ್ನು ‘ಕಪ್ಪುತಾರೆ’ ಅಂತೆಲ್ಲ ಮಾಡಬೇಡಿ, ಕಿವಿಗೆ ಕೇಳುವ ಹೆಸರೇ ಕಣ್ಣಿಗೂ ಇರಲಿ.

ಪ್ರಮಾಣ: ಒಮ್ಮೆಗೆ ಎರಡೇ ಸಾಲು, ಸಾಲಿಗೆ ಐದಾರು ಪದ, ಸೆಕೆಂಡಿಗೆ 12 ಅಕ್ಷರದ ಲೆಕ್ಕ. ಎಷ್ಟೇ ಚಿಕ್ಕದಾದರೂ ಒಂದು ಸೆಕೆಂಡಿಗಿಂತ ಕಡಿಮೆ ಬೇಡ, ಆರು ಸೆಕೆಂಡಿಗಿಂತ ಹೆಚ್ಚು ನಿಲ್ಲಿಸಬೇಡಿ. ಒಂದು ಹೋಗಿ ಇನ್ನೊಂದು ಬರುವ ನಡುವೆ ಎರಡು ಫ್ರೇಮ್ ಬಿಡಿ, ಬಿಡದಿದ್ದರೆ ಮಾತು ಬದಲಾದದ್ದು ಕಣ್ಣಿಗೆ ತಿಳಿಯದು.

ತಪ್ಪುವುದು ಹೆಚ್ಚಾಗಿ ಅಕ್ಷರದಲ್ಲಿ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಆಸ್ಕಿ ಕ್ರಮದಲ್ಲಿ ಟೈಪ್ ಮಾಡಿದ್ದರೆ ಪರದೆಯ ಮೇಲೆ ರೋಮನ್ ಚಿಹ್ನೆಗಳ ರಾಶಿ ಬರುತ್ತದೆ, ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಮತ್ತು ದೀರ್ಘಗಳನ್ನು ಒಮ್ಮೆ ಕಣ್ಣಲ್ಲೇ ಓದಿ. ಕಡತವನ್ನು ಯುಟಿಎಫ್-8 ಆಗಿ ಉಳಿಸಿ, ಆನ್ಸಿ ಎಂದು ಉಳಿಸಿದರೆ ಎಲ್ಲವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ಮತ್ತೆ ವಾಪಸು ಬರುವುದಿಲ್ಲ. ಪ್ರೊಜೆಕ್ಟರಿಗೇ ಪೆನ್‌ಡ್ರೈವ್ ಚುಚ್ಚಿ ಓಡಿಸಿದರೆ ಅದರೊಳಗೆ ಕನ್ನಡ ಅಕ್ಷರ ಇಲ್ಲದಿರಬಹುದು: ಖಾಲಿ ಡಬ್ಬಿಗಳು ಕಾಣುತ್ತವೆ, ಇಲ್ಲವೇ ಒತ್ತು ಕೆಳಗೆ ಇಳಿಯದೆ ಪಕ್ಕಕ್ಕೆ ಬಂದು ಕೂರುತ್ತದೆ. ಆದ್ದರಿಂದ ಸಬ್‌ಟೈಟಲ್ಲನ್ನು ಚಿತ್ರಕ್ಕೇ ಅಚ್ಚೊತ್ತಿಬಿಡಿ. ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೋ ತಂತ್ರಾಂಶದಲ್ಲಿ ಆ ಆಯ್ಕೆ ಇದೆ, ನೋಟೋ ಸಾನ್ಸ್ ಕನ್ನಡ ಫಾಂಟ್ ಗಣಕದಲ್ಲಿ ಇರಬೇಕು. ಮೊದಲು ಎರಡು ನಿಮಿಷದ ತುಂಡು ಮಾಡಿ ‘ರಾಷ್ಟ್ರ’, ‘ಅರ್ಧ’, ‘ಸ್ತ್ರೀ’, ‘ಸ್ಟಾರ್‌ಬ್ಲ್ಯಾಕ್’ ಈ ನಾಲ್ಕು ಪದ ಹಾಕಿ ನೋಡಿ. ಇವು ಸರಿ ಬಂದರೆ ಉಳಿದದ್ದೂ ಬರುತ್ತದೆ.

ಜಾಗ: 1920×1080 ಪಿಕ್ಸೆಲ್‌ನ ಚೌಕಟ್ಟಿನಲ್ಲಿ 2.35ರ ಚಿತ್ರದ ಎತ್ತರ 817, ಅಂದರೆ ಮೇಲೆ ಕೆಳಗೆ 131ರಂತೆ ಎರಡು ಕಪ್ಪು ಪಟ್ಟಿ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು ಇರುವುದರಿಂದ ಸಾಲಿನ ಅಂತರ ಹೆಚ್ಚು ಬೇಕು. 54ರ ಅಳತೆಯ ಎರಡು ಸಾಲಿಗೆ 140 ಹಿಡಿಯುತ್ತದೆ, ಕೆಳಗಿನ ಪಟ್ಟಿಯಲ್ಲಿ ಹಿಡಿಸದು. ಚಿತ್ರವನ್ನೇ ಮೇಲಕ್ಕೆ ಸರಿಸಿ 263ರ ಪೂರ್ತಿ ಪಟ್ಟಿಯನ್ನು ಕೆಳಗೆ ಬಿಡಿ. ಬಿಸಿಲಿನ ಮರಳಿನ ಮೇಲೆ ಬಿಳಿ ಅಕ್ಷರ ಕರಗುವ ತೊಂದರೆಯೂ ತಪ್ಪುತ್ತದೆ.

ಅಡಿಕೆಗೊನೆ (ತೀರ್ಥಹಳ್ಳಿ)

ಮಸೂರ ಅವರೇ, ಪ್ರತಿಯ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ನಾನು ಆಧಾರ ಮಾಡಿಕೊಂಡದ್ದು ಚೌಕದ ಪ್ರತಿಯನ್ನೇ. ಕ್ಯಾಮೆರಾ ನಿಂತೇ ಇದೆ ಅನ್ನುವ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಅಗಲದ್ದನ್ನು ನೋಡದೆ ಆಡಬಾರದಿತ್ತು. ಆದರೆ ಮುಖವಾಡಕ್ಕೆ ಬೆಲೆ ತೆರದ ದೋಷ ಬರವಣಿಗೆಯದು. ಯಾವ ಪ್ರತಿಯಲ್ಲೂ ಅದು ಹಾಗೇ ಇರುತ್ತದೆ.

ರಾತ್ರಿ ದೃಶ್ಯ ತಿದ್ದುವ ಬಗ್ಗೆ ಒಂದು ಎಚ್ಚರಿಕೆ. ಚೌಕದ ಪ್ರತಿಯ ಮಬ್ಬು ಎಷ್ಟಿದೆಯೋ ಅಷ್ಟಕ್ಕೇ ನಿಲ್ಲಿಸಿ, ನಮ್ಮ ರುಚಿಗೆ ಇನ್ನೂ ಕಪ್ಪು ಮಾಡುವುದು ಬೇಡ. ತೋರಿಸುವ ಮೊದಲು ಈ ದೃಶ್ಯಗಳ ಬೆಳಕು ನಾವು ಇಳಿಸಿದ್ದೇವೆ ಎಂದು ಸಭೆಗೆ ಹೇಳಿಬಿಡಿ.

ರೀಲುಪೆಟ್ಟಿಗೆ (ಸಾಗರ)

ಬೆಲೆ ತೆರುವ ಮಾತು ಒಪ್ಪಬಹುದಾದದ್ದೇ. ಆದರೂ ಅಂಥ ಚಿತ್ರವನ್ನೂ ನಮ್ಮ ಜನ ನೋಡಬೇಕು ಅನ್ನುವುದನ್ನು ಬಿಡಲಾರೆ. ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ 1973ರಲ್ಲಿ ಶುರುವಾದಾಗಿನಿಂದ ಈ ಭಾಗದ ಹಳ್ಳಿಗರು ಜಗತ್ತಿನ ದೊಡ್ಡ ಚಿತ್ರಗಳನ್ನು ನೋಡಿದವರು. ಶ್ರೇಷ್ಠವಾದದ್ದನ್ನು ನೋಡಿದ ಕಣ್ಣಿಗೆ ಸಾಧಾರಣದ್ದು ಎಲ್ಲಿ ಸೋಲುತ್ತದೆ, ಎಲ್ಲಿ ತಟ್ಟನೆ ಹೊಳೆಯುತ್ತದೆ ಅನ್ನುವುದು ಬೇಗ ಕಾಣುತ್ತದೆ. ಇಟಲಿಯಲ್ಲಿ ಸುಮಾರು ಹದಿನೈದು ವರ್ಷದಲ್ಲಿ ಬಂದ ವೆಸ್ಟರ್ನ್‌ಗಳು ಐನೂರರ ಆಸುಪಾಸು. ನಾವು ಮಾತಾಡುವುದು ಹತ್ತರ ಬಗ್ಗೆ. ಜರ್ಮನಿಯ ವಿತರಕರು ಸಂಬಂಧವೇ ಇಲ್ಲದ ಚಿತ್ರಗಳಿಗೂ ‘ಜಾಂಗೋ’ ಎಂದು ಹೆಸರಿಟ್ಟು ಬಿಡುತ್ತಿದ್ದರು, ‘ಸ್ಟಾರ್‌ಬ್ಲ್ಯಾಕ್’ ಕೂಡ ಅಲ್ಲಿ ಆ ಹೆಸರಲ್ಲೇ ಓಡಿದ್ದು. ತನ್ನ ಹೆಸರನ್ನೂ ಉಳಿಸಿಕೊಳ್ಳಲಾಗದ ಚಿತ್ರಕ್ಕೆ ಒಂದು ಸಂಜೆ ಕೊಡುವುದು ನ್ಯಾಯ.

ಹಾಗೆಯೇ ಗಿಲ್ಯಾ ಸಂಗೀತ. 1965ರ ‘ಅದಿಯೋಸ್ ಗ್ರಿಂಗೋ’ಗೂ ಸಂಗೀತ ಇವರದೇ. ಲಿಯೋನೆಯ ಚಿತ್ರಗಳಿಗೆ ಸಂಗೀತ ಕೊಟ್ಟ ಮೊರ್ರಿಕೋನೆಯ ಶಿಳ್ಳೆ, ಚಾಟಿಯ ನೆರಳಿಗೆ ಪೂರ್ತಿ ಬೀಳದ ಸಂಗೀತಗಾರ. 24ಕ್ಕೆ ಇಳಿಸಿದ ಮೇಲೆ ಶೀರ್ಷಿಕೆಯ ಸಂಗೀತವನ್ನು ಇನ್ನೊಮ್ಮೆ ಕೇಳಿ.

ದಾಖಲೆಪುಟ (ಭದ್ರಾವತಿ)

ಒಂದು ವಿಷಯ ಯಾರೂ ಎತ್ತಲಿಲ್ಲ. ಭಾರತದ ಕೃತಿಸ್ವಾಮ್ಯ ಕಾಯ್ದೆ (1957) ಪ್ರಕಾರ ಚಲನಚಿತ್ರದ ಹಕ್ಕು ಬಿಡುಗಡೆಯಾದ ಮರುವರ್ಷದ ಜನವರಿಯಿಂದ 60 ವರ್ಷ. 1966ರ ಚಿತ್ರಕ್ಕೆ ಈ ಲೆಕ್ಕದಲ್ಲಿ 2026ರ ಡಿಸೆಂಬರ್ 31ರವರೆಗೆ, 1975ರ ‘ಜೋರೋ’ಗೆ 2035ರ ಕೊನೆಯವರೆಗೆ. ಸಂಗೀತ ಮತ್ತು ಚಿತ್ರಕಥೆಯ ಹಕ್ಕಿನ ಲೆಕ್ಕ ಬೇರೆ, ಅದು ಬರೆದವರ ಆಯುಸ್ಸಿನ ಮೇಲೆ ನಿಲ್ಲುತ್ತದೆ. ಟಿಕೆಟ್ ಇಡದಿದ್ದರೂ ಸಾರ್ವಜನಿಕ ಪ್ರದರ್ಶನ ಪ್ರದರ್ಶನವೇ. ಹಕ್ಕು ಹೊಂದಿದ ಸಂಸ್ಥೆಗೆ ಒಂದೇ ಪ್ರದರ್ಶನ, ಆಸನ ಎಷ್ಟು, ಪ್ರವೇಶ ಉಚಿತ ಅನ್ನುವ ಮೂರು ವಿವರ ಬರೆದು ಅನುಮತಿ ಕೇಳಿ. ಕನ್ನಡ ಸಬ್‌ಟೈಟಲ್ ಸೇರಿಸುವುದಕ್ಕೂ ರಾತ್ರಿ ದೃಶ್ಯ ತಿದ್ದುವುದಕ್ಕೂ ಅದೇ ಪತ್ರದಲ್ಲಿ ಒಪ್ಪಿಗೆ ಕೇಳಿಬಿಡಿ, ಎರಡೂ ಕೃತಿಯನ್ನು ಬದಲಿಸುವ ಕೆಲಸ. ಇದರ ಜೊತೆಗೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಮಾಣಪತ್ರದ ಪ್ರಶ್ನೆಯೂ ಇದೆ. ಫಿಲ್ಮ್ ಸೊಸೈಟಿಗಳ ಒಕ್ಕೂಟದಲ್ಲಿ ನೋಂದಾಯಿತ ಸಮಾಜ ಸದಸ್ಯರಿಗೆ ತೋರಿಸುವುದಾದರೆ ವಿನಾಯಿತಿಯ ದಾರಿ ಇದೆ, ಅಲ್ಲಿ ವಿಚಾರಿಸಿ. ಎರಡು ತಿಂಗಳು ಮೊದಲೇ ಶುರು ಮಾಡಿ.

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ವಂದನೆ. ಮೊದಲು ‘ಸ್ಟಾರ್‌ಬ್ಲ್ಯಾಕ್’, ನಂತರ ‘ಜೋರೋ’ ಅಂತ ಇಟ್ಟುಕೊಂಡಿದ್ದೇವೆ. ಅಗಲದ ಪ್ರತಿ, 24 ಫ್ರೇಮ್, ಇಟಾಲಿಯನ್ ಮಾತು, ಪರದೆ 8 ಅಡಿ. ಅನುಮತಿಯ ಪತ್ರ ಈ ವಾರವೇ ಹೋಗುತ್ತದೆ. ಎರಡು ನಿಮಿಷದ ತುಂಡಿನಲ್ಲಿ ‘ರಾಷ್ಟ್ರ’, ‘ಸ್ತ್ರೀ’ ಸರಿ ಬಂದವು. ‘ಅರ್ಧ’ದ ಅರ್ಕಾವತ್ತು ಮಾತ್ರ ಮುಂದಿನ ಅಕ್ಷರದ ಮೇಲೆ ಹತ್ತಿ ಕೂರುತ್ತಿದೆ.

ಒತ್ತಕ್ಷರ (ಹೊಸನಗರ)

ಹಾಗಾದರೆ ಫಾಂಟ್ ನೋಟೋ ಅಲ್ಲ, ಬೇರೆ ಯಾವುದೋ ಬದಲಿಗೆ ಬಂದು ಕೂತಿದೆ. ಸಬ್‌ಟೈಟಲ್ಲನ್ನು ಎಎಸ್‌ಎಸ್ (ಫಾಂಟ್, ಶೈಲಿಯನ್ನೂ ಬರೆದಿಡುವ ಬಗೆಯ) ಕಡತವಾಗಿ ಉಳಿಸಿ, ಅದರ ಶೈಲಿಯ ಸಾಲಿನಲ್ಲಿ ಫಾಂಟಿನ ಹೆಸರು ಗಣಕದಲ್ಲಿ ಇರುವ ಹಾಗೆಯೇ, ಒಂದು ಖಾಲಿ ಜಾಗವೂ ತಪ್ಪದಂತೆ ಬರೆದು ಮತ್ತೆ ಅಚ್ಚೊತ್ತಿ ನೋಡಿ.